ಸವಕಳಿ ಬೇರೆ, ಸವೆತ ಬೇರೆ

ಮನೆಯ ಕಾರನ್ನು ಮಾರಬೇಕೆ, ಇಟ್ಟುಕೊಳ್ಳಬೇಕೆ ಎಂಬ ಮಾತು ಬಂದಲ್ಲೆಲ್ಲ ‘ಸವಕಳಿ’ ಎಂಬ ಪದ ಈಗ ಧಾರಾಳವಾಗಿ ಓಡಾಡುತ್ತಿದೆ. ‘ಆರು ವರ್ಷದಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ, ಸವಕಳಿಯೇ ಆಗಿಲ್ಲ’ ಎಂದು ಒಬ್ಬರು ಹೇಳುತ್ತಾರೆ. ‘ಆಫೀಸಿಗೆ ಐದು ಕಿಲೋಮೀಟರ್ ಹೋಗಿಬರುವುದಕ್ಕೆ ಅಷ್ಟು ದೊಡ್ಡ ಎಸ್‌ಯುವಿ ಏಕೆ, ಸವಕಳಿಯಲ್ಲೇ ದುಡ್ಡು ಕರಗುತ್ತಿದೆ, ಮಾರಿ ಚಿಕ್ಕದೊಂದನ್ನು ತೆಗೆದುಕೊಳ್ಳಿ’ ಎಂದು ಇನ್ನೊಬ್ಬರು ಬುದ್ಧಿ ಹೇಳುತ್ತಾರೆ. ಮೊದಲನೆಯವರು ಸವೆತವನ್ನೇ ಸವಕಳಿ ಎಂದುಕೊಂಡಿದ್ದಾರೆ. ಎರಡನೆಯವರು ಆಗಿಹೋದ ಸವಕಳಿಯನ್ನು ಮುಂದೆ ಆಗಲಿರುವ ಖರ್ಚಿನ ಲೆಕ್ಕಕ್ಕೆ ಸೇರಿಸಿದ್ದಾರೆ. ಲಕ್ಷಗಟ್ಟಲೆ ಹಣದ ತೀರ್ಮಾನ ಈ ಒಂದು ಪದದ ಮೇಲೆ ನಿಂತಿರುವಾಗ, ಅದನ್ನು ಹೀಗೆ ಮನಬಂದಂತೆ ಬಳಸುವುದು ಸರಿಯಲ್ಲ.

ಗೊಂದಲಕ್ಕೆ ಪದದ ಹುಟ್ಟೇ ಸ್ವಲ್ಪಮಟ್ಟಿಗೆ ಕಾರಣ. ‘ಸವೆ’ ಎಂಬ ಕ್ರಿಯಾಪದಕ್ಕೆ ಉಜ್ಜಿ ಉಜ್ಜಿ ತೆಳುವಾಗು, ಕ್ಷಯಿಸು ಎಂಬ ಅರ್ಥ. ಚಪ್ಪಲಿಯ ಅಟ್ಟೆ ಸವೆಯುತ್ತದೆ, ಬಾವಿಯ ರಾಟೆ ಸವೆಯುತ್ತದೆ, ಅಚ್ಚು ಅಳಿಸಿಹೋದ ನಾಣ್ಯ ಸವಕಲು ನಾಣ್ಯವಾಗುತ್ತದೆ. ಸವೆತ, ಸವಕಲು, ಸವಕಳಿ ಮೂರೂ ಇದೇ ಬೇರಿನವು. ಮಳೆಗೆ ಹೊಲದ ಮೇಲ್ಮಣ್ಣು ಕೊಚ್ಚಿಹೋಗುವುದನ್ನು ‘ಮಣ್ಣಿನ ಸವಕಳಿ’ ಎಂದು ಶಾಲೆಯ ಪಾಠದಲ್ಲಿ ಓದಿದವರಿಗೆ ಸವಕಳಿ ಎಂದರೆ ವಸ್ತು ಕರಗುವುದು ಎಂದೇ ತೋರಿದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕಶಾಸ್ತ್ರದವರು ಈ ಪದವನ್ನು ‘ಡಿಪ್ರಿಸಿಯೇಷನ್’ ಎಂಬ ಪರಿಭಾಷೆಗೆ ಸಾಟಿಯಾಗಿ ಎತ್ತಿಕೊಂಡರು. ಆ ಪರಿಭಾಷೆಯ ಮೂಲದಲ್ಲಿರುವುದು ಬೆಲೆ ಎಂಬ ಅರ್ಥದ ಲ್ಯಾಟಿನ್ನಿನ ‘ಪ್ರೀಟಿಯಂ’. ಅಲ್ಲಿ ಇಳಿಯುವುದು ಬೆಲೆಯೇ ಹೊರತು ಒಡಲಲ್ಲ. ಕನ್ನಡದ ಪದ ಒಡಲನ್ನು ನೆನಪಿಸುತ್ತದೆ, ಪರಿಭಾಷೆ ಬೆಲೆಯನ್ನು ಹೇಳುತ್ತದೆ. ಲೆಕ್ಕದ ಪುಸ್ತಕದಲ್ಲಿ ಇದರಿಂದ ತೊಂದರೆಯಾಗಲಿಲ್ಲ. ಕಾರಿನ ವಿಷಯಕ್ಕೆ ಬಂದಾಗ ಆಯಿತು. ಆದ್ದರಿಂದ ಕಾರಿನ ಮಟ್ಟಿಗಾದರೂ ಬಿಡಿಭಾಗ ತೇಯುವುದನ್ನು ಸವೆತವೆಂದೂ ಬೆಲೆ ಇಳಿಯುವುದನ್ನು ಸವಕಳಿಯೆಂದೂ ಬೇರೆ ಬೇರೆಯಾಗಿ ಕರೆಯುವುದು ಒಳ್ಳೆಯದು.

ಒಂದಿಷ್ಟೂ ಸವೆಯದೆ ಸವಕಳಿಯಾಗಬಹುದು. ದೆಹಲಿ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿ, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದ ಮೇಲೆ, ಅಲ್ಲಿ ಒಂಬತ್ತು ವರ್ಷದ ಡೀಸೆಲ್ ಎಸ್‌ಯುವಿಯ ಬೆಲೆ ಬಿದ್ದದ್ದು ಎಂಜಿನ್ ಕೆಟ್ಟಿತೆಂದಲ್ಲ. 2025ರ ಸೆಪ್ಟೆಂಬರ್ 22ರಂದು ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ ಶೇ 50ರಷ್ಟಿದ್ದ ತೆರಿಗೆ ಶೇ 40ಕ್ಕೂ, ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೂ ಇಳಿಯಿತು. ಹೊಸ ಗಾಡಿಯೇ ಅಗ್ಗವಾದ ಮೇಲೆ ಹಳೆಯದಕ್ಕೆ ಹಿಂದಿನ ಬೆಲೆಯನ್ನು ಯಾರು ಕೊಟ್ಟಾರು? ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿದ್ದ ಕಾರಿಗೂ ಅಂದು ಸವಕಳಿಯಾಯಿತು.

ವಿಮೆಯವರು ಐಡಿವಿಯನ್ನು, ಅಂದರೆ ಗಾಡಿ ಕಳುವಾದರೆ ಇಲ್ಲವೇ ಪೂರ್ತಿ ಹಾಳಾದರೆ ಕೊಡುವ ಗರಿಷ್ಠ ಮೊತ್ತವನ್ನು, ಕಟ್ಟುವ ರೂಢಿಯ ಕೋಷ್ಟಕವೂ ವರ್ಷವನ್ನು ನೋಡುತ್ತದೆಯೇ ಹೊರತು ಓಡಿದ ದೂರವನ್ನಲ್ಲ. ಮೊದಲ ಆರು ತಿಂಗಳಿಗೆ ಶೇ 5 ಕಡಿತ, ವರ್ಷದೊಳಗೆ 15, ಎರಡನೆಯ ವರ್ಷಕ್ಕೆ 20, ಆಮೇಲೆ 30, 40, ಐದು ವರ್ಷ ತುಂಬುವಾಗ 50. ಇನ್ನು ‘ಝೀರೋ ಡೆಪ್ ಪಾಲಿಸಿ ಇದೆ, ಆದ್ದರಿಂದ ನಮ್ಮ ಗಾಡಿಗೆ ಸವಕಳಿ ಇಲ್ಲ’ ಎನ್ನುವವರಿಗೆ ಒಂದು ಮಾತು: ಅಪಘಾತದಲ್ಲಿ ಬಂಪರ್ ಒಡೆದರೆ ಪ್ಲಾಸ್ಟಿಕ್ ಭಾಗವೆಂದು ಅರ್ಧ ಮೊತ್ತ ಮುರಿದುಕೊಳ್ಳುವುದನ್ನು ಆ ಪಾಲಿಸಿ ತಪ್ಪಿಸುತ್ತದೆ, ಅಷ್ಟೇ. ಮಾರುವಾಗ ಸಿಗುವ ಬೆಲೆಗೂ ಅದಕ್ಕೂ ಸಂಬಂಧವಿಲ್ಲ.

ಈಗ ಎಸ್‌ಯುವಿ ಮಾರಿ ಚಿಕ್ಕದನ್ನು ತೆಗೆದುಕೊಳ್ಳಿ ಎಂದ ಆ ಎರಡನೆಯವರ ಸಲಹೆಯನ್ನು ಲೆಕ್ಕ ಹಾಕಿ ನೋಡೋಣ. 18 ಲಕ್ಷ ಕೊಟ್ಟು ತಂದ ಡೀಸೆಲ್ ಎಸ್‌ಯುವಿಗೆ ಆರು ವರ್ಷದ ಬಳಿಕ 9 ಲಕ್ಷ ಬರುತ್ತದೆ, ಇನ್ನೊಂದು ವರ್ಷ ಇಟ್ಟುಕೊಂಡರೆ 8 ಲಕ್ಷ 20 ಸಾವಿರ ಬರುತ್ತದೆ ಎಂದಿಟ್ಟುಕೊಳ್ಳಿ. ಕಳೆದುಹೋದ 9 ಲಕ್ಷ ಇಂದು ಮಾರಿದರೂ ಬಾರದು, ಮಾರದಿದ್ದರೂ ಬಾರದು. ಲೆಕ್ಕಕ್ಕೆ ಬರುವ ಸವಕಳಿ ಮುಂದಿನ ವರ್ಷದ 80 ಸಾವಿರ ಮಾತ್ರ. ಅದರ ಬದಲು ರಸ್ತೆಗಿಳಿಯುವ ಹೊತ್ತಿಗೆ 11 ಲಕ್ಷವಾಗುವ ಹೊಸ ಚಿಕ್ಕ ಕಾರನ್ನು ತಂದರೆ, ಕರ್ನಾಟಕದ ಆಜೀವ ತೆರಿಗೆ, ನೋಂದಣಿ, ವಿಮೆ ಎಂದು ಕಟ್ಟಿದ್ದರಲ್ಲಿ ಬಹುಪಾಲು ಮರುಮಾರಾಟದಲ್ಲಿ ಸಿಗದಿರುವುದರಿಂದ, ಮೊದಲ ವರ್ಷವೇ 2 ಲಕ್ಷ ಇಳಿದರೆ ಅಚ್ಚರಿಪಡಬೇಕಾಗಿಲ್ಲ. ಇಂಧನದ ಉಳಿತಾಯವೆಷ್ಟು? ದಿನಕ್ಕೆ 10 ಕಿಲೋಮೀಟರಿನಂತೆ ವರ್ಷಕ್ಕೆ 3,000. ಲೀಟರಿಗೆ 10 ಕೊಡುವ ಎಸ್‌ಯುವಿಗೆ 300 ಲೀಟರ್, ಅಂದರೆ ಸುಮಾರು 27 ಸಾವಿರ ರೂಪಾಯಿ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿಗೆ 20 ಸಾವಿರದ ಆಸುಪಾಸು. ಮನೆಯಲ್ಲೇ ಚಾರ್ಜ್ ಮಾಡುವ ವಿದ್ಯುತ್ ಕಾರಾದರೆ ನಾಲ್ಕು ಸಾವಿರವೂ ಆಗದಿರಬಹುದು, ಆದರೂ ಉಳಿಯುವುದು 23 ಸಾವಿರ. ಅಷ್ಟು ಉಳಿಸಲು 1 ಲಕ್ಷ 20 ಸಾವಿರದಷ್ಟು ಹೆಚ್ಚಿನ ಸವಕಳಿಯನ್ನು ಮೈಮೇಲೆ ಎಳೆದುಕೊಳ್ಳುವುದನ್ನು ಉಳಿತಾಯವೆಂದು ಕರೆಯಲು ನನಗಂತೂ ಬಾಯಿ ಬಾರದು. ಕಡಿಮೆ ಓಡಿಸುವವರಿಗೆ ಮೈಲೇಜ್ ಮುಖ್ಯವಲ್ಲ ಎಂಬ ಸರಳ ಮಾತು ಮೈಲೇಜ್ ಜಪ ಮಾಡುವವರ ಕಿವಿಗೆ ಬೀಳುವುದೇ ಇಲ್ಲ.

ಹಾಗಾದರೆ ಹಳೆಯ ಎಸ್‌ಯುವಿಯನ್ನೇ ಇಟ್ಟುಕೊಳ್ಳಬೇಕೆ? ಇಲ್ಲಿ ಸವೆತದ ಮಾತು ಬರುತ್ತದೆ, ಅದು ‘ಹೆಚ್ಚು ಓಡಿಲ್ಲ’ ಎಂದ ಮೊದಲನೆಯವರ ಸಮಾಧಾನವನ್ನೂ ಕೆಡಿಸುತ್ತದೆ. ಕಡಿಮೆ ಓಡಿದ ಗಾಡಿ ಕಡಿಮೆ ಸವೆದಿರುತ್ತದೆ ಎಂಬುದು ಟೈರಿಗೆ ಒಪ್ಪುವ ಮಾತು, ಡೀಸೆಲ್ ಎಂಜಿನ್‌ಗೆ ಅಲ್ಲ. 2020ರ ಏಪ್ರಿಲ್‌ನಿಂದ ಬಂದ, ಬಿಎಸ್ 6 ಎಂಬ ಹೊಗೆ ಮಿತಿಯ ನಿಯಮಕ್ಕೆ ಹೊಂದುವ ಡೀಸೆಲ್ ಕಾರುಗಳ ಹೊಗೆಕೊಳವೆಯ ಹಾದಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹಿಡಿದ ಮಸಿಯನ್ನು ಸುಟ್ಟು ಚೊಕ್ಕಮಾಡಲು ಹೊಗೆ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಅದಕ್ಕಾಗಿ ಎಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಮಸಿ ಪೂರ್ತಿ ಸುಡುವ ಮೊದಲೇ ಆಫೀಸು ಬಂದು ಕೀಲಿ ತಿರುಗಿಸಿದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಮೇಲಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಬಾನೆಟ್ ತೆಗೆದು ಕಡ್ಡಿ ಎಳೆದು ನೋಡಿದರೆ ಆಯಿಲ್ ಮಟ್ಟ ಗುರುತಿಗಿಂತ ಮೇಲಿರುತ್ತದೆ, ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ಆಯಿಲ್ ಖರ್ಚೇ ಆಗಿಲ್ಲವೆಂದು ಮಾಲೀಕರು ಸಂತೋಷಪಡುತ್ತಾರೆ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ನಿಜವಾಗಿ ಸವೆಸುತ್ತದೆ, ಅದು ಓಡೋಮೀಟರಿನಲ್ಲಿ ಕಾಣುವುದಿಲ್ಲ.

ವಾರಕ್ಕೊಮ್ಮೆ ತುಮಕೂರು ರಸ್ತೆಯಂಥ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬರುವುದು ಸಾಧ್ಯವಿದ್ದರೆ ಹಳೆಯ ಗಾಡಿಯನ್ನು ಬದಲಿಸಲು ಆತುರಪಡಬೇಕಾಗಿಲ್ಲ. ಡಿಪಿಎಫ್ ದೀಪ ಪದೇ ಪದೇ ಹೊತ್ತುತ್ತಿದ್ದರೆ ಮಾತ್ರ ಗ್ಯಾರೇಜಿನವರಿಂದ ಬರಹದಲ್ಲಿ ಅಂದಾಜು ಪಡೆದು, ಆ ಮೊತ್ತವನ್ನು ಇನ್ನೊಂದು ವರ್ಷದ ಸವಕಳಿಯ ಜೊತೆ ಕೂಡಿಸಿ, ಹೊಸ ಕಾರಿನ ಮೊದಲ ವರ್ಷದ ಸವಕಳಿಯ ಪಕ್ಕದಲ್ಲಿಟ್ಟು ನೋಡಬೇಕು. ಆರು ವರ್ಷದ ಹಿಂದಿನ ಶೋರೂಂ ಬಿಲ್ಲು ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.