ಮ್ಯಾಪ್ ದೊಡ್ಡದಾದಷ್ಟೂ ಗೇಮ್ ಚೆನ್ನಾಗಿರುತ್ತದೆಯೇ?

ಪ್ರಶ್ನೆ: ಓಪನ್ ವರ್ಲ್ಡ್ ಫ್ಯಾಂಟಸಿ ಗೇಮ್ ಒಂದು ತಗೋಬೇಕು ಅಂತಿದ್ದೇನೆ ಸರ್. ಕಥೆಗಿಂತ ಸುತ್ತಾಡೋದೇ ನನಗಿಷ್ಟ. ಎಲ್ಲಕ್ಕಿಂತ ದೊಡ್ಡ ಮ್ಯಾಪ್ ಯಾವುದರದ್ದು, ಹೇಳಿ.

ಪ್ರತಿ ಸಲ ಸೇಲ್ ಬಂದಾಗಲೂ ಈ ಪ್ರಶ್ನೆ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಅವಸರದಲ್ಲಿರುವವರು ಬ್ರೆತ್ ಆಫ್ ದ ವೈಲ್ಡ್ ಇಲ್ಲವೇ ಎಲ್ಡನ್ ರಿಂಗ್ ತಗೊಳ್ಳಿ. ಎರಡರದ್ದೂ ಅತಿ ದೊಡ್ಡ ಮ್ಯಾಪ್ ಅಲ್ಲ. ಯಾಕೆ ಇವೇ ಅಂತ ಕೇಳುವವರು ಮುಂದೆ ಓದಿ.

ಚದರ ಕಿಲೋಮೀಟರ್ ನೋಡಿ ಗೇಮ್ ಕೊಳ್ಳುವುದನ್ನು ದಯವಿಟ್ಟು ಬಿಡಿ. ದೊಡ್ಡ ಮ್ಯಾಪೇ ಬೇಕು ಅಂದರೆ ಹೊಸ ಗೇಮ್ ಯಾಕೆ, 1996ಕ್ಕೆ ಹೋಗಿ. ಎಲ್ಡರ್ ಸ್ಕ್ರಾಲ್ಸ್ ಸರಣಿಯ ಎರಡನೇ ಗೇಮ್ ಡ್ಯಾಗರ್‌ಫಾಲ್ ಬಂದಿದ್ದು ಆ ವರ್ಷ. ಅದರ ನೆಲ ಸುಮಾರು 1,60,000 ಚದರ ಕಿಲೋಮೀಟರ್ ಅಂತ ಲೆಕ್ಕ. ನಮ್ಮ ಇಡೀ ಕರ್ನಾಟಕವೇ 1,91,791. ಅಷ್ಟು ದೊಡ್ಡ ನೆಲವನ್ನು ಯಾರೂ ಕೂತು ಕೈಯಲ್ಲಿ ಮಾಡಲಾಗದು, ಬಹುಪಾಲನ್ನು ಪ್ರೋಗ್ರಾಮ್ ಬರೆದು ಹುಟ್ಟಿಸಿದ್ದರು. ಹಾಗಾಗಿ ಊರು ಬಿಟ್ಟು ಹೊರಗೆ ಬಂದರೆ ಹುಲ್ಲು, ಮರ, ಮತ್ತೆ ಅದೇ ಹುಲ್ಲು. ಒಂದೂರಿಂದ ಇನ್ನೊಂದೂರಿಗೆ ಯಾರೂ ನಡೆಯುವುದಿಲ್ಲ. ಮ್ಯಾಪ್ ಮೇಲೆ ಕ್ಲಿಕ್ ಮಾಡಿ ಹೋಗುತ್ತಾರೆ. ನಡೆಯದೇ ಬಿಟ್ಟ ನೆಲ ಎಷ್ಟು ಕಿಲೋಮೀಟರ್ ಇದ್ದರೆ ನಿಮಗೇನು ಲಾಭ?

ಡ್ಯಾಗರ್‌ಫಾಲ್ ಮಾಡಿದ ಬೆಥೆಸ್ಡಾ ಕಂಪನಿಯೇ 2002ರಲ್ಲಿ ಮಾರೋವಿಂಡ್ ತಂದಿತು. ಅದರ ವಾರ್ಡನ್‌ಫೆಲ್ ದ್ವೀಪ ಸುಮಾರು 25 ಚದರ ಕಿಲೋಮೀಟರ್, ಅಷ್ಟೇ. ಆದರೂ ಅದನ್ನು ಆಡಿದವರನ್ನು ಕೇಳಿ, ಎಷ್ಟು ದೊಡ್ಡ ದ್ವೀಪ ಅನ್ನುತ್ತಾರೆ. ಕಾರಣಗಳು ಸರಳ. ನಿಮ್ಮ ಪಾತ್ರ ನಿಧಾನವಾಗಿ ನಡೆಯುತ್ತದೆ. ದಾರಿಗಳು ಗುಡ್ಡ ಸುತ್ತಿಕೊಂಡು ಹೋಗುತ್ತವೆ. ಮ್ಯಾಪ್ ಒತ್ತಿ ಹಾರಿಹೋಗುವಂತಿಲ್ಲ. ಸಿಲ್ಟ್ ಸ್ಟ್ರೈಡರ್ ಅನ್ನುವ ದೈತ್ಯ ಹುಳುವಿನ ಬೆನ್ನೇರಿ ಇಂಥ ಊರಿಂದ ಇಂಥ ಊರಿಗೆ ಅಂತ ದುಡ್ಡು ಕೊಟ್ಟು ಹೋಗಬೇಕು, ಇಲ್ಲವೇ ದೋಣಿ ಹಿಡಿಯಬೇಕು. ಇದೆಲ್ಲದರ ಮೇಲೆ ಮಂಜು. ಆ ಕಾಲದ ಯಂತ್ರಗಳಿಗೆ ದೂರದ್ದನ್ನು ಚಿತ್ರಿಸುವ ಶಕ್ತಿ ಇರಲಿಲ್ಲ, ಅದಕ್ಕೆ ಸ್ವಲ್ಪ ದೂರದಾಚೆ ಎಲ್ಲವನ್ನೂ ಮಂಜಲ್ಲಿ ಮುಚ್ಚಿದರು. ಮುಂದೆ ಮಾಡ್, ಅಂದರೆ ಗೇಮನ್ನು ತಿದ್ದುವ ಫೈಲ್‌ಗಳನ್ನು, ಮಾಡುವ ಆಟಗಾರರು ಆ ಮಂಜನ್ನು ತೆಗೆದು ದೂರದ ನೋಟ ಬರುವಂತೆ ಮಾಡಿದರು. ಒಮ್ಮೆ ಹಾಕಿ ನೋಡಿ. ಅರ್ಧ ದಿನದ ದಾರಿ ಅಂದುಕೊಂಡಿದ್ದ ಊರು ಇಲ್ಲೇ ಪಕ್ಕದಲ್ಲಿ ಕಾಣುತ್ತದೆ. ದ್ವೀಪ ಒಂದಿಂಚೂ ಕಡಿಮೆಯಾಗಿಲ್ಲ. ಆದರೂ ಪುಟ್ಟದಾಗಿ ಹೋಯಿತು, ಅಲ್ವಾ? ದೊಡ್ಡದು ಅನ್ನಿಸುವುದು ಅಳತೆಯಿಂದಲ್ಲ. ಏನು ಕಾಣುತ್ತದೆ, ಏನು ಮರೆಯಾಗಿದೆ, ಅಲ್ಲಿಗೆ ಹೋಗಲು ಎಷ್ಟು ಕಷ್ಟಪಡಬೇಕು, ಇವುಗಳಿಂದ.

ಈ ಮರೆಮಾಡುವ ಕೆಲಸವನ್ನು ಬೇಕಂತಲೇ, ಲೆಕ್ಕ ಹಾಕಿ ಮಾಡಿದ್ದು 2017ರ ಬ್ರೆತ್ ಆಫ್ ದ ವೈಲ್ಡ್. ಅದೇ ವರ್ಷ ಜಪಾನಿನ ಡೆವಲಪರ್‌ಗಳ ಸಮ್ಮೇಳನದಲ್ಲಿ ಅದನ್ನು ಮಾಡಿದ ನಿಂಟೆಂಡೊ ತಂಡ ಇದನ್ನು ಬಿಡಿಸಿ ಹೇಳಿತು. ಅವರ ನೆಲದ ತುಂಬ ತ್ರಿಕೋನಗಳು, ಅಂದರೆ ತ್ರಿಕೋನದ ಆಕಾರದ ಬೆಟ್ಟ, ಗುಡ್ಡ, ಬಂಡೆಗಳು. ದೊಡ್ಡ ಬೆಟ್ಟ ದೂರದಿಂದಲೇ ಗುರುತಾಗುತ್ತದೆ, ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ. ನಡುಗಾತ್ರದ ಗುಡ್ಡ ಹಿಂದಿರುವುದನ್ನು ಮುಚ್ಚುತ್ತದೆ. ಸಣ್ಣ ಬಂಡೆ, ದಿಬ್ಬಗಳು ನಡಿಗೆಗೆ ಏರಿಳಿತ ಕೊಡುತ್ತವೆ. ಗುಡ್ಡ ಎದುರಾದರೆ ಹತ್ತಬೇಕೋ ಸುತ್ತಿ ಹೋಗಬೇಕೋ ಅಂತ ನೀವೇ ತೀರ್ಮಾನಿಸಬೇಕು. ಸುತ್ತಿ ಹೋದರೆ ಗುಡ್ಡದ ಹಿಂದಿದ್ದ ಗೋಪುರ ಒಂದೊಂದೇ ಅಂತಸ್ತಾಗಿ ಹೊರಗೆ ಬರುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ಇನ್ನೇನೋ ಕಂಡು ಆ ಕಡೆ ಕಾಲು ತಿರುಗುತ್ತದೆ, ಹೊರಟಿದ್ದು ಎಲ್ಲಿಗೆ ಅನ್ನುವುದೇ ಮರೆಯುತ್ತದೆ. ನಿರ್ದೇಶಕ ಹಿಡೆಮಾರೊ ಫುಜಿಬಯಾಶಿ ತಮ್ಮ ಊರು ಕ್ಯೋಟೋದ ನಕ್ಷೆಯನ್ನು ಗೇಮಿನ ನೆಲದ ಮೇಲಿಟ್ಟು ದೂರ ಅಳೆದರಂತೆ. ತಾನು ದಿನಾ ಓಡಾಡುವ ಊರಲ್ಲಿ ಯಾವುದು ಹತ್ತಿರ, ಯಾವುದು ದೂರ ಅಂತ ಮೈಗೇ ಗೊತ್ತಿರುತ್ತದಲ್ಲ, ಆ ಅಂದಾಜನ್ನೇ ಬಳಸಿದರು. ಎಷ್ಟು ದೊಡ್ಡದು ಅಂತ ಕೇಳುವ ಬದಲು ಯಾವುದು ಹತ್ತಿರ ಅನ್ನಿಸುತ್ತದೆ, ಯಾವುದು ದೂರ ಅನ್ನಿಸುತ್ತದೆ ಅಂತ ಕೇಳಬೇಕು.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. 2015ರ ವಿಚರ್ 3 ನನ್ನ ಪ್ರೀತಿಯ ಗೇಮ್, ಕಥೆಯಲ್ಲಿ ಅದರ ಸಮಕ್ಕೆ ಬರುವವು ಕಡಿಮೆ. ಆದರೆ ಸ್ಕೆಲಿಗೆ ದ್ವೀಪಗಳ ಸುತ್ತ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ದೋಣಿಯಲ್ಲಿ ಹೋಗು, ಹಾರುವ ಸೈರನ್‌ಗಳನ್ನು ಹೊಡೆ, ನೀರಿಗೆ ಇಳಿ, ಕಳ್ಳಸಾಗಣೆದಾರರು ಬಿಟ್ಟ ಪೆಟ್ಟಿಗೆ ತೆಗೆ. ಮುಂದಿನ ಚಿಹ್ನೆಯಲ್ಲೂ ಅದೇ. ಇದು ಹುಡುಕಾಟವಲ್ಲ, ಪಟ್ಟಿಗೆ ಟಿಕ್ ಹಾಕುವ ಕೆಲಸ. 2022ರ ಅಪ್‌ಡೇಟ್‌ನಲ್ಲಿ ಕಂಪನಿಯೇ ಆ ಚಿಹ್ನೆಗಳನ್ನು ಮ್ಯಾಪಿಂದ ಮರೆಮಾಡಿ, ಬೇಕಾದವರು ಆನ್ ಮಾಡಿಕೊಳ್ಳಲಿ ಅಂತ ಬಿಟ್ಟಿತು.

'ಎಲ್ಡನ್ ರಿಂಗ್ ಕೂಡ ದೊಡ್ಡದೇ ಅಲ್ವಾ?' ಹೌದು, ದೊಡ್ಡದೇ. ಆದರೆ ಎಷ್ಟು ದೊಡ್ಡದು ಅಂತ ಅದು ಮೊದಲೇ ಹೇಳುವುದಿಲ್ಲ. ಶುರುವಿನಲ್ಲಿ ಮ್ಯಾಪ್ ಚಿಕ್ಕದು, ನೀವು ಹೋದಂತೆಲ್ಲ ಅದರ ಅಂಚು ಹಿಗ್ಗುತ್ತದೆ. ಆಟ ಶುರುವಾಗುವ ಲಿಮ್‌ಗ್ರೇವ್ ಪ್ರದೇಶದ ಪೂರ್ವಕ್ಕೆ ಮಿಸ್ಟ್‌ವುಡ್ ಕಾಡಿನಲ್ಲಿ ಒಂದು ಕಲ್ಲಿನ ಕಟ್ಟಡ ಇದೆ. ಒಳಗೊಂದು ಲಿಫ್ಟ್. ಯಾವುದೋ ಸಣ್ಣ ನೆಲಮಾಳಿಗೆ ಇರಬೇಕು ಅಂತ ನಿಲ್ಲುತ್ತೀರಿ. ಅದು ಇಳಿಯುತ್ತದೆ, ಇನ್ನೂ ಇಳಿಯುತ್ತದೆ, ನಿಲ್ಲುವುದೇ ಇಲ್ಲ. ಕೊನೆಗೆ ನೆಲದಡಿ ಒಂದು ನದಿ, ಪಾಳುಬಿದ್ದ ಕಂಬಗಳು, ತಲೆ ಮೇಲೆ ನಕ್ಷತ್ರ ತುಂಬಿದ ಆಕಾಶ. ಸಿಯೋಫ್ರಾ ನದಿ ಅದು. ಹೀಗೊಂದು ಜಾಗ ಇದೆ ಅಂತ ಮ್ಯಾಪ್ ಒಂದು ಮಾತೂ ಹೇಳಿರಲಿಲ್ಲ. ನಾನು ಯಾರಿಗೇ ಗೇಮ್ ಹೇಳಿದರೂ ಆ ಲಿಫ್ಟ್ ಸಿಗುವ ತನಕ ಯೂಟ್ಯೂಬ್ ನೋಡಬೇಡಿ ಅನ್ನುವುದು ಇದಕ್ಕೇ. ಇಲ್ಲಿ ಓದಿಬಿಟ್ಟಿರಿ, ಪರವಾಗಿಲ್ಲ, ಇಂಥವು ಅದರಲ್ಲಿ ಇನ್ನೂ ಇವೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಇದನ್ನೆಲ್ಲ ಓದಿದ ಮೇಲೆ ಕೆಲವರು ಎಲ್ಲ ಗೇಮಲ್ಲೂ ಕ್ವೆಸ್ಟ್ ಮಾರ್ಕರ್, ಅಂದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ತೋರಿಸುವ ಗುರುತು, ಆಫ್ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ. ಮಾರ್ಕರ್ ಇಲ್ಲದೆ ಆಡಬೇಕಾದರೆ ದಾರಿಯನ್ನು ಗೇಮ್ ಬೇರೆ ರೀತಿಯಲ್ಲಿ ಹೇಳಿರಬೇಕು. ಮಾರೋವಿಂಡ್‌ನಲ್ಲಿ ಹೇಳುತ್ತಾರೆ. ಆರ್ಕಂಗ್‌ಥಾಂಡ್ ಅನ್ನುವ ಪಾಳುಜಾಗಕ್ಕೆ ಹೋಗು ಅಂದವನೇ ಬಾಲ್ಮೋರಾ ಊರಿಂದ ಹೊರಡು, ಮೂನ್‌ಮಾತ್ ಕೋಟೆ ದಾಟು, ಡ್ವೆಮರ್ ಅನ್ನುವ ಪ್ರಾಚೀನ ಜನಾಂಗದ ಹಳೇ ಸೇತುವೆ ಹಿಡಿದು ಆಚೆ ಹೋಗು ಅಂತ ದಾರಿ ಹೇಳಿ ಕಳಿಸುತ್ತಾನೆ. ಆ ಮಾತೆಲ್ಲ ಜರ್ನಲ್‌ನಲ್ಲಿ ಉಳಿಯುತ್ತದೆ. ಬಾಗಿಲು ತೆಗೆಯಲು ಪಕ್ಕದ ಪೈಪಿನ ಹ್ಯಾಂಡಲ್ ತಿರುಗಿಸಬೇಕು, ಅದನ್ನು ಕಣ್ಣಲ್ಲೇ ಹುಡುಕಬೇಕು. ಅದೇ ಸರಣಿಯ ಮುಂದಿನ ಗೇಮ್ ಸ್ಕೈರಿಮ್‌ನಲ್ಲಿ ಎಷ್ಟೋ ಕಡೆ ಇಂಥ ಗುಹೆಯ ಡಕಾಯಿತರನ್ನು ಮುಗಿಸು ಅಂತಷ್ಟೇ ಹೇಳುತ್ತಾರೆ, ಗುಹೆ ಎಲ್ಲಿ ಅಂತ ಹೇಳುವುದಿಲ್ಲ. ಬಾಣದ ಗುರುತು ಇರುತ್ತದೆ ಅಂತ ನಂಬಿಯೇ ಆ ಮಾತು ಬರೆದಿದ್ದಾರೆ. ಅಲ್ಲಿ ಆಫ್ ಮಾಡಿದರೆ ಸುಮ್ನೆ ಅಲೆದು ಬೇಜಾರಾಗುತ್ತದೆ, ಗೇಮನ್ನೇ ಬಿಟ್ಟುಬಿಡುತ್ತೀರಿ. ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಮಾತ್ರ ಧೈರ್ಯವಾಗಿ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊ ಮೋಡ್ ಹಾಕಿ, ಮೂಲೆಯ ಮಿನಿಮ್ಯಾಪ್ ಮಾಯವಾಗುತ್ತದೆ. ಎತ್ತರದ ಜಾಗ ಹತ್ತಿ ಕಂಡದ್ದಕ್ಕೆಲ್ಲ ನೀವೇ ಪಿನ್ ಹಾಕಿಕೊಳ್ಳಿ. ಆ ನೆಲವನ್ನು ಮಾಡಿರುವುದೇ ಹಾಗೆ ಆಡಲಿ ಅಂತ.