ಪ್ರಾಚೀನ ಡಿಎನ್‌ಎ: ಈ ನದಿಯಲ್ಲಿ ಮೊದಲು ಯಾವ ಮೀನಿತ್ತು?

ಒಂದು ನದಿಯಲ್ಲಿ ಮೊದಲು ಯಾವ ಮೀನಿತ್ತು ಅಂತ ಹಳೆಯ ಮೂಳೆಯಲ್ಲಿ ಉಳಿದ ಡಿಎನ್‌ಎ ಹೇಳಬಲ್ಲದು. ಅದಕ್ಕೂ ಮೊದಲು 'ಸ್ಥಳೀಯ ಅಳಿವು' ಅನ್ನೋ ಮಾತು. ಒಂದು ಮೀನಿನ ಜಾತಿ ಭೂಮಿಯ ಮೇಲೆ ಎಲ್ಲೋ ಇದೆ, ಆದರೆ ಮೊದಲಿದ್ದ ಈ ನದಿಯಲ್ಲಿ ಮಾತ್ರ ಈಗ ಇಲ್ಲ, ಅಷ್ಟೇ ಅದರ ಅರ್ಥ. ಅಣೆಕಟ್ಟು ಬಂದು ದಾರಿ ಮುಚ್ಚಿತು, ನೀರು ಕೆಟ್ಟಿತು, ಬಲೆಗಳು ಜಾಸ್ತಿಯಾದವು, ಮೀನು ಹೋಯಿತು. ಹಾಗಾದರೆ ಬೇರೆ ಕಡೆಯಿಂದ ಮರಿ ತಂದು ಬಿಟ್ಟರಾಯಿತು, ಅಲ್ವಾ? ಬಿಡಬಹುದು, ಆದರೆ ಯಾವ ಮರಿ? ಹಳೆಯ ದಾಖಲೆಯಲ್ಲಿ ಹೆಸರೇನೋ ಇರುತ್ತದೆ. ಆದರೆ ಒಂದೇ ಹೆಸರಿನಲ್ಲಿ ಜನ ಎರಡು ಮೂರು ಜಾತಿಗಳನ್ನು ಕರೆದಿರುತ್ತಾರೆ.

ಉಳಿಯುವುದು ಮೂಳೆ. ಹಳೆಯ ವಸತಿಗಳನ್ನು ಅಗೆದಾಗ ತಿಂದು ಎಸೆದ ಮೀನಿನ ಮೂಳೆ, ಹುರುಪೆ ರಾಶಿರಾಶಿ ಸಿಗುತ್ತವೆ. ತೊಂದರೆ ಏನೆಂದರೆ, ಹತ್ತಿರದ ಸಂಬಂಧಿ ಜಾತಿಗಳ ಬೆನ್ನುಮೂಳೆಯ ಮಣಿಗಳನ್ನು ಅಕ್ಕಪಕ್ಕ ಇಟ್ಟರೆ ಪಳಗಿದ ಕಣ್ಣಿಗೂ ಎಷ್ಟೋ ಸಲ ವ್ಯತ್ಯಾಸ ಕಾಣುವುದಿಲ್ಲ. ಪ್ರಾಚೀನ ಡಿಎನ್‌ಎ ಕೆಲಸಕ್ಕೆ ಬರುವುದು ಇಲ್ಲಿಯೇ.

ಸತ್ತ ಜೀವಿಯ ಮೂಳೆ, ಹಲ್ಲು, ಚರ್ಮದಲ್ಲಿ ಉಳಿದುಕೊಂಡ ಹಳೆಯ ಡಿಎನ್‌ಎಗೆ ಈ ಹೆಸರು. 1984ರಲ್ಲಿ ಕ್ವಾಗಾ ಎಂಬ ಅಳಿದುಹೋದ ಜೀಬ್ರಾದ ಚರ್ಮಕ್ಕೆ ಅಂಟಿಕೊಂಡಿದ್ದ ಒಣ ಮಾಂಸದಿಂದ ಮೊದಲ ಸಲ ಹೀಗೆ ಡಿಎನ್‌ಎ ತೆಗೆದು ಓದಿದರು. ಸಿಗುವುದು ಇಡೀ ಪುಸ್ತಕವಲ್ಲ, ಹರಿದ ಚೂರುಗಳು. ಒಂದೊಂದರಲ್ಲಿ ಮೂವತ್ತೋ ಐವತ್ತೋ ಅಕ್ಷರ (ಡಿಎನ್‌ಎಯ ನಾಲ್ಕು ರಾಸಾಯನಿಕ ಘಟಕಗಳನ್ನು ಎ, ಸಿ, ಜಿ, ಟಿ ಅಂತ ಬರೆಯುತ್ತಾರೆ) ಇದ್ದರೆ ಅದೇ ದೊಡ್ಡದು. ಅದರ ಮೇಲೆ ಮುಟ್ಟಿದವರ ಡಿಎನ್‌ಎ, ಮಣ್ಣಿನ ಬ್ಯಾಕ್ಟೀರಿಯಾದ್ದು ಬೇರೆ ಸೇರಿರುತ್ತದೆ. ಹಾಗಾಗಿ ಮೈಪೂರ್ತಿ ಮುಚ್ಚುವ ಉಡುಪು ಹಾಕಿಕೊಂಡು, ಬ್ಲೀಚ್‌ನಿಂದ ಒರೆಸಿದ ಪ್ರತ್ಯೇಕ ಕೋಣೆಯಲ್ಲಿ ಮೂಳೆಯ ಮೇಲ್ಪದರ ಕೆರೆದು ತೆಗೆದು, ಒಳಗಿನ ಭಾಗವನ್ನು ಪುಡಿ ಮಾಡುತ್ತಾರೆ. ನನಗೆ ತುಂಬಾ ಇಷ್ಟವಾಗುವ ಸಂಗತಿ ಇದು: ಹಳೆಯ ಚೂರುಗಳ ತುದಿಯಲ್ಲಿ 'ಸಿ' ಅಕ್ಷರ ಕೆಟ್ಟು, ಓದುವಾಗ 'ಟಿ' ಎಂದು ಕಾಣುತ್ತದೆ. ಆ ಕೆಡುಕು ಇದ್ದರೇನೇ ಚೂರು ನಿಜವಾಗಿ ಹಳೆಯದು ಅಂತ ನಂಬುವುದು. ಕೆಟ್ಟಿಲ್ಲದಿದ್ದರೆ ಅನುಮಾನ!

ಜಾತಿ ಗುರುತಿಸಲು ಹೆಚ್ಚಾಗಿ ಮೈಟೋಕಾಂಡ್ರಿಯಾದ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಘಟಕಗಳ, ಡಿಎನ್‌ಎ ನೋಡುತ್ತಾರೆ. ಒಂದೊಂದು ಕೋಶದಲ್ಲೂ ಅದರ ನೂರಾರು ಪ್ರತಿಗಳಿರುವುದರಿಂದ ಏನಾದರೂ ಉಳಿದಿರುವ ಸಾಧ್ಯತೆ ಜಾಸ್ತಿ. ಸಿಕ್ಕ ಚೂರುಗಳನ್ನು ಈಗ ಗೊತ್ತಿರುವ ಮೀನುಗಳ ಡಿಎನ್‌ಎ ಜೊತೆ ಹೋಲಿಸುತ್ತಾರೆ.

ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ಸ್ಟರ್ಜನ್ ಕತೆ ಕೇಳಿದರೆ ಇದರ ಬೆಲೆ ಗೊತ್ತಾಗುತ್ತದೆ. ಮೈಮೇಲೆ ಎಲುಬಿನ ಬಿಲ್ಲೆಗಳ ಸಾಲು ಇರುವ, ಮೊಟ್ಟೆ ಇಡಲು ಸಮುದ್ರದಿಂದ ನದಿಗೆ ಏರಿ ಬರುವ ದೊಡ್ಡ ಮೀನು ಇದು. ಅಲ್ಲಿದ್ದದ್ದು ಯುರೋಪಿನ ಸ್ಟರ್ಜನ್ ಅಂತಲೇ ಎಲ್ಲರೂ ತಿಳಿದಿದ್ದರು. ತಿಳಿಯದೆ ಇನ್ನೇನು, ಯುರೋಪಿನ ನದಿ ತಾನೆ? 2002ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಹಳೆಯ ಮಾದರಿಗಳ ಡಿಎನ್‌ಎ ಅಟ್ಲಾಂಟಿಕ್ ಆಚೆಯ, ಉತ್ತರ ಅಮೆರಿಕದ ಸ್ಟರ್ಜನ್ ಜಾತಿಗೆ ಹೊಂದಿತು. ಮನುಷ್ಯರು ತಂದು ಬಿಟ್ಟಿದ್ದಲ್ಲ, ಬಹಳ ಹಿಂದೆಯೇ ತಾನಾಗಿ ಸಾಗರ ದಾಟಿ ಬಂದು ನೆಲೆಸಿದ್ದು. ಹಾಗಾಗಿ ಜರ್ಮನಿ, ಪೋಲೆಂಡ್ ನಡುವಿನ ಓಡರ್ ನದಿಗೆ ಮತ್ತೆ ಸ್ಟರ್ಜನ್ ಬಿಡುವಾಗ ಕೆನಡಾದ ಸೇಂಟ್ ಜಾನ್ ನದಿಯ ಮೀನುಗಳನ್ನು ತರಿಸಿಕೊಂಡರು.

ಇದಕ್ಕೆ ಉಲ್ಟಾ ಕತೆಯೂ ಇದೆ. ಹೌಟಿಂಗ್ ಎಂಬ, ಯುರೋಪಿನ ಉತ್ತರ ಸಮುದ್ರದ (ನಾರ್ತ್ ಸೀ) ಮೀನನ್ನು 2008ರಲ್ಲಿ ಅಳಿದುಹೋಗಿದೆ ಅಂತ ಘೋಷಿಸಿದ್ದರು. ಸಂಗ್ರಹಾಲಯಗಳಲ್ಲಿದ್ದ ಹಳೆಯ ಮೀನುಗಳ ಡಿಎನ್‌ಎ ಓದಿದ ಸಂಶೋಧಕರು 2023ರಲ್ಲಿ ಹೇಳಿದ್ದು, ಅದು ಬೇರೆ ಜಾತಿಯೇ ಅಲ್ಲ, ಇಂದಿಗೂ ಬದುಕಿರುವ ಇನ್ನೊಂದು ಮೀನಿನ ಜಾತಿಯೇ ಎಂದು.

ಒಂದು ಎಚ್ಚರ ಮಾತ್ರ ಬೇಕು. ನದಿ ದಡದಲ್ಲಿ ಮೂಳೆ ಸಿಕ್ಕ ಮಾತ್ರಕ್ಕೆ ಮೀನು ಆ ನದಿಯದ್ದೇ ಅನ್ನುವಂತಿಲ್ಲ, ಒಣಮೀನು ದೂರದೂರ ಹೋಗುತ್ತಿತ್ತು. ಉತ್ತರ ಜರ್ಮನಿಯ ಹೈತಾಬು ಎಂಬ, ವೈಕಿಂಗ್ ಕಡಲಿಗರ ಹಳೆಯ ಪಟ್ಟಣದಲ್ಲಿ ಸಿಕ್ಕ ಕಾಡ್ ಎಂಬ ಸಮುದ್ರ ಮೀನಿನ ಮೂಳೆಗಳು ನಾರ್ವೆಯ ಉತ್ತರ ತುದಿಯ ಕಡೆಯವು ಅಂತ ಹೇಳಿದ್ದೂ ಪ್ರಾಚೀನ ಡಿಎನ್‌ಎಯೇ.