ಎಡನೀರಿನ ಕೇಸು, ಖನ್ನಾ ಕೊಟ್ಟ ಉತ್ತರ

ಎಡನೀರು ಮಠದ ಸ್ವಾಮಿಗಳು ಇಂದಿರಾ ಗಾಂಧಿ ಸರ್ಕಾರದ ವಿರುದ್ಧ ಕೇಸು ಗೆದ್ದರು ಅಂತ ನಮ್ಮ ಕಾಸರಗೋಡಿನಲ್ಲಿ ಈಗಲೂ ಎಷ್ಟೋ ಜನ ಹೇಳುತ್ತಾರೆ. ಚೆರ್ಕಳದ ಹೋಟೆಲಿನಲ್ಲಿ ಈ ಮಾತು ಬಂದರೆ ಯಾರೂ ತಿದ್ದುವುದಿಲ್ಲ. ಊರಿನ ಹೆಮ್ಮೆ, ಇರಲಿ ಬಿಡಿ. ಆದರೆ ಕೇಶವಾನಂದ ಭಾರತಿ ಶ್ರೀಗಳು ಕೋರ್ಟಿಗೆ ಹೋದದ್ದು ಮಠದ ಜಮೀನಿಗಾಗಿ. ಆ ಜಮೀನಿನ ಮಟ್ಟಿಗೆ ಅವರು ಸೋತರು. ಗೆದ್ದದ್ದು ಬೇರೆಯೇ ಒಂದು ವಿಚಾರ. ಅದನ್ನು ದಡ ಮುಟ್ಟಿಸಿದವರು ಅಮೃತಸರದಲ್ಲಿ ಹುಟ್ಟಿದ ನ್ಯಾಯಮೂರ್ತಿ ಹಂಸರಾಜ್ ಖನ್ನಾ.

ಜಮೀನಿನ ಕಥೆ ಇಲ್ಲಿಯವರಿಗೆ ಹೊಸದಲ್ಲ. ಕೇರಳದ ಭೂಸುಧಾರಣೆ ಕಾನೂನು 1970ರ ಜನವರಿ 1ರಿಂದ ಗೇಣಿ ಪದ್ಧತಿಗೇ ತೆರೆ ಎಳೆಯಿತು. ಮುಡಿ ಲೆಕ್ಕದಲ್ಲಿ ಧಣಿಯ ಮನೆಗೆ ಅಕ್ಕಿ ಹೊರುತ್ತಿದ್ದ ಒಕ್ಕಲಿಗೆ ಗದ್ದೆ ಸ್ವಂತವಾಗುವ ದಾರಿ ತೆರೆಯಿತು. ಅದೇ ವರ್ಷದ ಮಾರ್ಚಿನಲ್ಲಿ ಸ್ವಾಮಿಗಳು ನೇರ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ನಾವಿನ್ನೂ ಕಣ್ಣೂರು ಜಿಲ್ಲೆಯ ಒಂದು ತಾಲೂಕು.

ಅರ್ಜಿ ಕೋರ್ಟಿನಲ್ಲಿ ಇರುವಾಗಲೇ ಸಂಸತ್ತು ಸಂವಿಧಾನಕ್ಕೆ 24, 25 ಮತ್ತು 29ನೇ ತಿದ್ದುಪಡಿಗಳನ್ನು ತಂದಿತು. 29ನೆಯದು ಕೇರಳದ ಕಾನೂನುಗಳನ್ನೇ ಒಂಬತ್ತನೇ ಅನುಸೂಚಿಯೊಳಗೆ, ಅಂದರೆ ಕೋರ್ಟಿನ ಕೈಗೆ ಸಿಗದಂತೆ ಕಾನೂನುಗಳನ್ನು ಇಡುವ ಪಟ್ಟಿಯೊಳಗೆ, ಇಟ್ಟು ಭದ್ರ ಮಾಡಿತು. ಎಡನೀರಿನ ಗದ್ದೆ ಹಿಂದೆ ಸರಿಯಿತು, ದೊಡ್ಡ ಪ್ರಶ್ನೆ ಮುಂದೆ ಬಂತು. ಮೂರನೇ ಎರಡರಷ್ಟು ಬಹುಮತ ಕೈಯಲ್ಲಿದ್ದರೆ ಸಂಸತ್ತು ಸಂವಿಧಾನವನ್ನು ಏನು ಬೇಕಾದರೂ ಮಾಡಬಹುದಾ? 13 ನ್ಯಾಯಮೂರ್ತಿಗಳು ಕೂತರು. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರ ತನಕ, 68 ದಿನ ವಾದ ನಡೆಯಿತು. ಸ್ವಾಮಿಗಳ ಪರ ನಾನಿ ಪಾಲ್ಖಿವಾಲಾ, ಕೇರಳದ ಪರ ಎಚ್.ಎಂ. ಸೀರ್ವಾಯಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಡುವುದು ಏಪ್ರಿಲ್ 24ರಂದು ಬಂದ ತೀರ್ಪಿನ ಲೆಕ್ಕ. ಏಳು–ಆರು ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಒಳಗೆ ಇದ್ದದ್ದು ಆರು, ಆರು ಮತ್ತು ಒಂದು. ಸಂಸತ್ತಿನ ಅಧಿಕಾರಕ್ಕೆ ಮಿತಿ ಇದೆ, ಮೂಲಭೂತ ಹಕ್ಕುಗಳ ತಿರುಳನ್ನು ಮುಟ್ಟುವಂತಿಲ್ಲ ಅಂತ ಆರು ಜನ. ಅಂಥ ಮಿತಿ ಯಾವುದೂ ಇಲ್ಲ ಅಂತ ಇನ್ನಾರು ಜನ. ಖನ್ನಾ ಎರಡೂ ಕಡೆ ಪೂರ್ತಿ ಸೇರಲಿಲ್ಲ. ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು, ಆದರೆ ತಿದ್ದಿದ ಮೇಲೂ ಉಳಿಯುವುದು ಅದೇ ಸಂವಿಧಾನ ಆಗಿರಬೇಕು, ಅದರ ಮೂಲ ಸ್ವರೂಪ ಕೆಡಬಾರದು ಅಂದರು. ಮಿತಿ ಬೇಕು ಅನ್ನುವವರಿಗೆ ಬಹುಮತ ಸಿಗಬೇಕಾದರೆ ಖನ್ನಾ ಬೇಕು. ಖನ್ನಾ ಒಪ್ಪುವಷ್ಟು ಮಿತಿಯೇ ಮಿತಿ. ಹಾಗಾಗಿ ಒಬ್ಬರ ಅಭಿಪ್ರಾಯ ದೇಶದ ಕಾನೂನಾಯಿತು. ತೀರ್ಪಿನ ಸಾರಾಂಶದ ಹಾಳೆಗೆ ರುಜು ಹಾಕಿದವರೂ ಒಂಬತ್ತೇ ಮಂದಿ. ನಾಲ್ವರು ಹಾಕಲಿಲ್ಲ.

ಮೂಲ ಸ್ವರೂಪ ಅಂದರೇನು? ನಮ್ಮ ಕಡೆಯವರಿಗೆ ತಾಳಮದ್ದಳೆಯಿಂದ, ಅಂದರೆ ವೇಷ–ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಿಂದ, ಹೇಳಿದರೆ ಸುಲಭ. ಎಡನೀರಿನ ಆ ಸ್ವಾಮಿಗಳೇ ಯಕ್ಷಗಾನದ ಮಹಾ ಅಭಿಮಾನಿಯಾಗಿದ್ದವರು, ಅವರ ಕೇಸಿಗೆ ಇದೇ ಸರಿ. ಕೃಷ್ಣಸಂಧಾನ ಪ್ರಸಂಗದಲ್ಲಿ ಕೌರವನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳುವವರು ಪಳಗಿದವರಾದರೆ ಕೃಷ್ಣನ ಬಾಯಿ ಕಟ್ಟಿಸಬಹುದು. ಹೊಸ ಹೊಸ ತರ್ಕ ತರಬಹುದು, ಸಭೆಯನ್ನೇ ತನ್ನ ಕಡೆ ಒಲಿಸಿಕೊಳ್ಳಬಹುದು. ಅದಕ್ಕೆಲ್ಲ ಅವರಿಗೆ ಪೂರ್ತಿ ಸ್ವಾತಂತ್ರ್ಯ. ಆದರೆ ಹುರುಪಿನಲ್ಲಿ ‘ಸರಿ, ಐದು ಗ್ರಾಮ ತಗೋ’ ಅಂದುಬಿಟ್ಟರೆ? ಹಾಡುವ ಭಾಗವತರು ಮುಂದಿನ ಪದ ಎತ್ತುವುದು ಹೇಗೆ? ಪ್ರಸಂಗವೇ ಬಿದ್ದುಹೋಯಿತು. ಅರ್ಥಧಾರಿಗೆ ಮಾತಾಡುವ ಹಕ್ಕು ಕೊಟ್ಟದ್ದೇ ಪ್ರಸಂಗ. ಆ ಹಕ್ಕಿನಿಂದ ಪ್ರಸಂಗವನ್ನೇ ಮುಗಿಸಲು ಆಗದು. ತಿದ್ದುವ ಅಧಿಕಾರವೂ ಸಂಸತ್ತಿಗೆ ಬಂದದ್ದು ಸಂವಿಧಾನದಿಂದ. ಚುನಾಯಿತ ಸರ್ಕಾರ ತೆಗೆದು ಸರ್ವಾಧಿಕಾರ ತರುವುದು, ವಂಶಪಾರಂಪರ್ಯ ರಾಜನನ್ನು ಕೂರಿಸುವುದು, ಲೋಕಸಭೆ–ರಾಜ್ಯಸಭೆ ಕಿತ್ತುಹಾಕುವುದು ಇವೆಲ್ಲ ತಿದ್ದುಪಡಿ ಆಗುವುದಿಲ್ಲ ಅಂತ ಖನ್ನಾ ಬರೆದರು.

ಒಂದು ತಕರಾರು ಇದ್ದೇ ಇದೆ. ಮೂಲ ಸ್ವರೂಪದಲ್ಲಿ ಏನೇನು ಸೇರುತ್ತದೆ ಅಂತ ಪೂರ್ತಿ ಪಟ್ಟಿ ಅವರು ಕೊಡಲಿಲ್ಲ. ಅದನ್ನು ತೀರ್ಮಾನಿಸುವವರು ಓಟು ಪಡೆಯದ ನ್ಯಾಯಾಧೀಶರು. ಇದು ಹಗುರ ಆಕ್ಷೇಪ ಅಲ್ಲ. ಆದರೂ ನಾನು ಖನ್ನಾ ಕಡೆಗೇ ವಾಲುತ್ತೇನೆ. 1956ರ ರಾಜ್ಯ ವಿಂಗಡಣೆಯಲ್ಲಿ ಗಡಿ ಆಚೆ, ಕೇರಳದಲ್ಲಿ, ಉಳಿದ ನಮ್ಮಂಥ ಕನ್ನಡಿಗರಿಗೆ ಸದನದಲ್ಲಿ ಕೈ ಎತ್ತುವವರ ಸಂಖ್ಯೆ ಎಲ್ಲ ಪ್ರಶ್ನೆಗೂ ಉತ್ತರ ಅನ್ನಿಸುವುದಿಲ್ಲ. (ಇನ್ನೊಬ್ಬ ಕಾನೂನು ಪಂಡಿತರು, ನಿವೃತ್ತ ಮುಖ್ಯ ನ್ಯಾಯಮೂರ್ತಿ ಮಹಾಜನ್, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ವರದಿ ಕೊಟ್ಟರು. ಆ ವರದಿ ಅಲ್ಲೇ ಇದೆ, ನಾವು ಇಲ್ಲೇ ಇದ್ದೇವೆ.) ಕೇರಳದ ಪರ ವಾದಿಸಿದ್ದ ಸೀರ್ವಾಯಿಯೇ ತುರ್ತು ಪರಿಸ್ಥಿತಿ ಕಂಡ ಮೇಲೆ ಮೂಲ ಸ್ವರೂಪದ ವಾದ ಸರಿ ಅಂತ ಒಪ್ಪಿದರು.

ಹಾಗಾದರೆ ಖನ್ನಾ ಧಣಿಗಳ ಪರವಾ? ಇಲ್ಲಿಯೂ ಜನ ಎಡವುತ್ತಾರೆ. ಆಸ್ತಿ ಹಕ್ಕು ಮೂಲ ಸ್ವರೂಪದ ಭಾಗವೇ ಅಲ್ಲ ಅಂತ ಅವರು ಸ್ಪಷ್ಟವಾಗಿ ಬರೆದರು. ಅಸಮಾನತೆ ಕಡಿಮೆ ಮಾಡಲು ಸರ್ಕಾರ ಭೂಮಿ ಹಂಚುವುದಾದರೆ ಹಂಚಲಿ. ಆದರೆ ‘ಇದು ಸಮಾನತೆಗಾಗಿ ಮಾಡಿದ ಕಾನೂನು’ ಅಂತ ಸರ್ಕಾರ ಘೋಷಿಸಿದ ಕೂಡಲೇ ಕೋರ್ಟು ಅದನ್ನು ಪ್ರಶ್ನಿಸುವಂತಿಲ್ಲ ಎಂಬ ಸಾಲು 25ನೇ ತಿದ್ದುಪಡಿಯಲ್ಲಿತ್ತು. ಆ ಸಾಲನ್ನು ಹೊಡೆದುಹಾಕಿದರು. ಒಕ್ಕಲಿಗೆ ಗದ್ದೆ ಸಿಕ್ಕಿತು, ಸರ್ಕಾರಕ್ಕೆ ಖಾಲಿ ಚೆಕ್ ಸಿಗಲಿಲ್ಲ.

ತೀರ್ಪು ಬಂದ ಬೆನ್ನಿಗೇ ಸರ್ಕಾರ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರಲ್ಲಿ ಒಬ್ಬರು ನಮ್ಮ ಅವಿಭಜಿತ ದಕ್ಷಿಣ ಕನ್ನಡದ ಕೌಡೂರು ಸದಾನಂದ ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಖನ್ನಾ ಸರದಿ 1976ರಲ್ಲಿ ಬಂತು. ತುರ್ತು ಪರಿಸ್ಥಿತಿಯಲ್ಲಿ ಸಾವಿರಾರು ಜನ ವಿಚಾರಣೆ ಇಲ್ಲದೆ ಜೈಲಿನಲ್ಲಿದ್ದರು. ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿ ಹಿಡಿದು ಕೋರ್ಟಿಗೆ ಹೋಗುವ ಹಕ್ಕನ್ನು ರಾಷ್ಟ್ರಪತಿ ಆದೇಶ ತಡೆದಿತ್ತು. ವಾದದ ವೇಳೆ ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇಗೆ ಒಂದು ಪ್ರಶ್ನೆ ಹಾಕಿದರು. ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ ಪರಿಹಾರ ಇದೆಯಾ? ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಇಲ್ಲ ಅಂತ ಡೇ ಉತ್ತರ ಕೊಟ್ಟರು.

ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ವಾದ ಒಪ್ಪಿದರು. ಖನ್ನಾ ಒಬ್ಬರೇ ಬೇರೆ ಬರೆದರು. 21ನೇ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರ ಇಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವ ಅಧಿಕಾರ ಸರ್ಕಾರಕ್ಕೆ ಇಲ್ಲ, ಆ ವಿಧಿ ಬರುವ ಮೊದಲೂ ಇರಲಿಲ್ಲ ಎಂಬುದು ಅವರ ತರ್ಕ. 1973ರ ತರ್ಕವೂ ಇದೇ ಅಲ್ವಾ? ಕಾನೂನಿನಿಂದ ಹುಟ್ಟಿದ ಅಧಿಕಾರ ಕಾನೂನನ್ನು ಬಿಟ್ಟು ನಿಲ್ಲುವುದಿಲ್ಲ.

1977ರ ಜನವರಿಯಲ್ಲಿ ಅವರನ್ನೂ ದಾಟಿ ಎಂ.ಎಚ್. ಬೇಗ್ ಮುಖ್ಯ ನ್ಯಾಯಮೂರ್ತಿ ಆದರು. ಖನ್ನಾ ರಾಜೀನಾಮೆ ಕೊಟ್ಟು ಹೋದರು. ಮರುವರ್ಷ ಸಂಸತ್ತೇ 44ನೇ ತಿದ್ದುಪಡಿ ತಂದು ಆಸ್ತಿಯನ್ನು ಮೂಲಭೂತ ಹಕ್ಕುಗಳಿಂದ ತೆಗೆಯಿತು. ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಅಮಾನತು ಮಾಡುವಂತಿಲ್ಲ ಅಂತ ಅದರಲ್ಲೇ ಸೇರಿಸಿತು. 1976ರ ಬಹುಮತದ ತೀರ್ಪನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು ಮಾತ್ರ 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಖಾಸಗಿತನದ ಕೇಸಿನಲ್ಲಿ.